ಸತ್ಯಾಂಶ: ಟೈರ್ ಮೇಲಿನ ನಾಲ್ಕು ಅಂಕಿ ಎಕ್ಸ್‌ಪೈರಿ ದಿನಾಂಕವಲ್ಲ

ಟೈರ್‌ನ ಪಕ್ಕದಲ್ಲಿ ಎಕ್ಸ್‌ಪೈರಿ ದಿನಾಂಕ ಇರುತ್ತದೆ, ನಾಲ್ಕು ವರ್ಷವಾದರೆ ಟೈರ್ ಸಿಡಿಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳಿಸುವವರದ್ದು ಕಾಳಜಿಯೇ. ಆದರೆ ಆ ಅಂಕಿ ಹೇಳುವುದು ತಯಾರಾದ ಸಮಯವನ್ನು: 2319 ಎಂದರೆ 2019ರ 23ನೇ ವಾರ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನೋಡಿ. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ.

ನಾಲ್ಕು ವರ್ಷದ ಗಡುವು ಎಲ್ಲೂ ಇಲ್ಲ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತಾದರೆ ಬದಲಿಸಿ ಎನ್ನುವುದು ಹಲವು ತಯಾರಕರ ಸಲಹೆ. ಶೆಡ್ಡಿನಲ್ಲೇ ನಿಂತಿರುವ ಹಳೇ ಸ್ಪೋರ್ಟಿ ಕಾರುಗಳಿಗೆ ಈ ಮಾತು ಹೆಚ್ಚು ಮುಖ್ಯ. ಅವುಗಳ ಟೈರ್ ಸವೆದೇ ಇರುವುದಿಲ್ಲ, ಗೆರೆಗಳು ಆಳವಾಗಿಯೇ ಇರುತ್ತವೆ. ಆದರೂ ರಬ್ಬರ್ ಗಟ್ಟಿಯಾಗಿ, ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಡಿತ ಸಿಗುವುದಿಲ್ಲ. ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಕಂಡರೆ ಟೈರ್ ಅಂಗಡಿಯವರಿಗೆ ತೋರಿಸಿ.

ಹೊಸದು ಕೊಳ್ಳುವಾಗಲೂ ಅದೇ ಅಂಕಿ ಓದಿ. ಜೊತೆಗೆ ಕಾರಿನ ಕೈಪಿಡಿ ಅಥವಾ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಅಳತೆಯನ್ನು ಹೋಲಿಸಿ. 185/60 ಆರ್14 82ಎಚ್ ಎಂದಿದ್ದರೆ, 82 ಅಂದರೆ ಒಂದು ಟೈರ್ 475 ಕಿಲೋ ಹೊರಬಲ್ಲದು. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗ. ಇವೆರಡಕ್ಕಿಂತ ಕಡಿಮೆಯದನ್ನು ಅಗ್ಗವೆಂದು ಹಾಕಿಸಬೇಡಿ.