ಮನೆಯ ಮೊಸರು ಮತ್ತು ಪ್ರೋಬಯಾಟಿಕ್
ಮನೆಯ ಮೊಸರು ಮತ್ತು ಪ್ರೋಬಯಾಟಿಕ್ ಎರಡೂ ಒಂದೇ ಎಂಬ ನಿಮ್ಮ ಲೇಖನದ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ನೀಡಿದ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಾಣುಗಳು ಮಾತ್ರ ಪ್ರೋಬಯಾಟಿಕ್ ಎನಿಸಿಕೊಳ್ಳುತ್ತವೆ. ನಿನ್ನೆಯ ಮೊಸರಿನ ಒಂದು ಚಮಚವನ್ನು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದಾಗ ಅದರಲ್ಲಿ ಬ್ಯಾಕ್ಟೀರಿಯಾದ ಯಾವ ತಳಿ ಎಷ್ಟಿರುತ್ತದೆ ಎಂಬುದು ಮನೆಯಿಂದ ಮನೆಗೆ ಬೇರೆಯಾಗುತ್ತದೆ.

ಹಾಗೆಂದು ಮೊಸರಿನ ಗುಣವೇನೂ ಕಡಿಮೆಯಲ್ಲ. ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ನನ್ನ ತಾಯಿಯವರಿಗೆ ಮೊಸರನ್ನ ಎಂದೂ ತೊಂದರೆ ಕೊಟ್ಟಿಲ್ಲ. ಹೆಪ್ಪುಗಟ್ಟುವಾಗ ಹಾಲಿನ ಲ್ಯಾಕ್ಟೋಸ್‌ನ (ಕೆಲವರಿಗೆ ಸರಿಯಾಗಿ ಜೀರ್ಣವಾಗದ ಹಾಲಿನ ಸಕ್ಕರೆ) ಒಂದು ಭಾಗ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಗುತ್ತದೆ. ಉಳಿದುದನ್ನು ಕರುಳಿನಲ್ಲಿ ಒಡೆಯಲು ಮೊಸರಿನ ಬ್ಯಾಕ್ಟೀರಿಯಾದ ಕಿಣ್ವವೇ ನೆರವಾಗುತ್ತದೆ. ಆದರೆ ಮಜ್ಜಿಗೆ ಹುಳಿಯನ್ನು ಚೆನ್ನಾಗಿ ಕುದಿಸಿದಾಗ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ (ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ) ಎಂಬುದನ್ನು ಲೇಖನ ಹೇಳಬೇಕಿತ್ತು.

ಮೊಸರು ಮುಪ್ಪನ್ನು ಮುಂದೂಡುತ್ತದೆ ಎಂದು 1908ರ ನೊಬೆಲ್ ಪುರಸ್ಕೃತ ವಿಜ್ಞಾನಿ ಎಲೀ ಮೆಚ್ನಿಕಾಫ್ ನಂಬಿದ್ದರು. ಅದು ಇಂದಿಗೂ ಸಾಬೀತಾಗಿಲ್ಲ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವವರು, ಉದಾಹರಣೆಗೆ ಕಿಮೋಥೆರಪಿ ಪಡೆಯುತ್ತಿರುವವರು, ಪ್ರೋಬಯಾಟಿಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು ಎಂಬ ಎಚ್ಚರಿಕೆಯನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ.