ಡೊಂಬಿವಲಿಯಲ್ಲಿ 11 ಗಂಟೆ 22 ನಿಮಿಷ

'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ ಮೂರೂ ಭಾಗ ಒಂದೇ ದಿನ ನೋಡೋಣ ಅಂತ ಮುಂಬೈ ಪಕ್ಕದ ಡೊಂಬಿವಲಿಯ ವನ್ ಬಿಎಚ್‌ಕೆಯಲ್ಲಿ ತೀರ್ಮಾನವಾದರೆ, ಮೊದಲು ಹುಡುಕಬೇಕಾದ್ದು ಡಿಸ್ಕ್ ಅಲ್ಲ, ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ರೈಲ್ವೆಯ ಮೆಗಾ ಬ್ಲಾಕ್ ಪ್ರಕಟಣೆ. ಭಾನುವಾರ ಬಿಟ್ಟರೆ ಎಂಟು ಜನ ಒಟ್ಟಿಗೆ ಸಿಗುವುದಿಲ್ಲ. ಬ್ಲಾಕ್ ಬರುವುದೂ ಭಾನುವಾರವೇ, ಸಾಮಾನ್ಯವಾಗಿ ಹನ್ನೊಂದರ ಹೊತ್ತಿಗೆ. ಘಾಟ್ಕೋಪರ್, ಮುಲುಂಡಿನವರು ಎಂಟೂವರೆಗೇ ಬಂದು ಕೂತುಬಿಡಬೇಕು. "ಹತ್ತಕ್ಕೆ ಹೊರಡ್ತೀನಿ ಮಾರಾಯ" ಅಂದವರು ಬಾಗಿಲು ತಟ್ಟುವಷ್ಟರಲ್ಲಿ ಮಾಂತ್ರಿಕ ಗಾಂಡಾಲ್ಫ್ ಮೋರಿಯಾದ ಸೇತುವೆಯಿಂದ ಬಿದ್ದಾಗಿರುತ್ತಾನೆ. ಎಲ್ಲರೂ ಯಾಕೆ ಕಣ್ಣೊರೆಸಿಕೊಳ್ತಿದ್ದೀರಿ ಅಂತ ಕೇಳಿ ಬೈಸಿಕೊಳ್ಳುತ್ತಾರೆ.

ಲೆಕ್ಕ ಹೀಗೆ. ಥಿಯೇಟರಿನಲ್ಲಿ ಬಿಟ್ಟ ದೃಶ್ಯಗಳನ್ನೂ ಸೇರಿಸಿದ ವಿಸ್ತೃತ ಪ್ರತಿಗಳು 208, 223, 251 ನಿಮಿಷ. ಒಂಬತ್ತಕ್ಕೆ ಶುರು ಮಾಡಿದರೆ ಮೊದಲನೆಯದು 12.28ಕ್ಕೆ ಮುಗಿಯುತ್ತದೆ. ಊಟ. 1.15ಕ್ಕೆ ಎರಡನೆಯದು, 4.58ಕ್ಕೆ ಖಲಾಸ್. ಚಹಾ. 5.30ಕ್ಕೆ ಮೂರನೆಯದು, ರಾತ್ರಿ 9.41. ಥಿಯೇಟರಿಗೆ ಬಂದ ಪ್ರತಿಗಳನ್ನೇ ಹಾಕಿದರೆ ಎರಡು ಗಂಟೆ ಉಳಿಯುತ್ತದೆ, ನಿಜ. ಆದರೆ ಅದರ ಮೂರನೇ ಭಾಗದಲ್ಲಿ ದುಷ್ಟ ಮಾಂತ್ರಿಕ ಸಾರುಮಾನ್ ಕಾಣಿಸುವುದೇ ಇಲ್ಲ. ಸಾರುಮಾನ್ ಇಲ್ಲದ ಮೂರನೇ ಭಾಗ ಸಾರಿಲ್ಲದ ಊಟ.

ಸಾರಿನ ಮಾತು ಬಂತು. ಬೇಳೆಯನ್ನು ಒಂಬತ್ತಕ್ಕೆ ಮೊದಲೇ ಬೇಯಿಸಿಟ್ಟುಕೊಳ್ಳಿ. ಹತ್ತರ ಸುಮಾರಿಗೆ ಕುಕ್ಕರ್ ಇಟ್ಟರೆ ಕೆಟ್ಟಿತು, ಯಾಕೆಂದರೆ ಪರದೆಯ ಮೇಲೆ ಕಪ್ಪು ಸವಾರರು ಕಿರುಚುವುದು ಆಗಲೇ. ಚಿತ್ರಕಥೆ ಬರೆದವರಲ್ಲೊಬ್ಬರಾದ ಫ್ರಾನ್ ವಾಲ್ಷ್ ಅವರ ಗಂಟಲಿನಿಂದಲೇ ತೆಗೆದ ಆ ಸದ್ದಿಗೂ ಐದು ಲೀಟರ್ ಕುಕ್ಕರಿನ ಕೂಗಿಗೂ ಗೋಡೆಯಾಚೆಯಿಂದ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಕುಕ್ಕರಿನದು ಎರಡು, ಸವಾರರದು ಎರಡು, ಒಟ್ಟು ನಾಲ್ಕಾಯಿತು ಅಂತ ಒಲೆ ಆರಿಸಿದರೆ ಊಟಕ್ಕೆ ಕೂತಾಗ ತೊಗರಿಬೇಳೆ ಕಾಳುಕಾಳಾಗಿ ಹಲ್ಲಿಗೆ ಸಿಗುತ್ತದೆ.

ಸಿನಿಮಾದ ಎಲ್ಫ್‌ಗಳ ರೊಟ್ಟಿ ಲೆಂಬಾಸ್ ಬದಲಿಗೆ ಏನು ಕೊಡಬೇಕೆಂಬುದು ಇನ್ನೂ ಬಗೆಹರಿಯದ ಜಗಳ. ದಾರಿಗೆ ಕಟ್ಟಿಕೊಂಡು ಹೋಗುವ, ವಾರಗಟ್ಟಲೆ ಕೆಡದ ತಿನಿಸು ಅಂದಮೇಲೆ ಕಡಕ್ ರೊಟ್ಟಿಯೇ ಅಂತ ವಿಜಯಪುರದ ಕಡೆಯವರು ಡಬ್ಬಾ ತೆಗೆಯುತ್ತಾರೆ. ವಾದ ಸರಿ, ಸದ್ದು ತಪ್ಪು. ಎಲ್ಫ್ ಒಡತಿ ಗಲಾಡ್ರಿಯೆಲ್ ಪಿಸುಗುಟ್ಟುವಾಗ ಎಂಟು ಜನ ಒಟ್ಟಿಗೆ ರೊಟ್ಟಿ ಮುರಿದರೆ ಅವಳ ಭವಿಷ್ಯವಾಣಿ ದೇವರಿಗೇ ಕೇಳಬೇಕು. ಸಿನಿಮಾದಲ್ಲಿ ಲೆಂಬಾಸ್ ಎಲೆಯಲ್ಲಿ ಸುತ್ತಿದ್ದು ನೆನಪಿದ್ದರೆ ಹಲಸಿನ ಎಲೆಯ ಕೊಟ್ಟೆ ಕಡುಬೇ ಮೇಲು: ಮೆತ್ತಗಿರುತ್ತದೆ, ಸದ್ದು ಮಾಡುವುದಿಲ್ಲ. ಒಂದು ತುತ್ತು ತಿಂದರೆ ಹೊಟ್ಟೆ ತುಂಬುತ್ತದೆ ಅಂದದ್ದನ್ನು ಸಿನಿಮಾದ ಕುಳ್ಳ ಹಾಬಿಟ್ ಪಿಪ್ಪಿನ್ ನಾಲ್ಕು ಮುಗಿಸಿರುತ್ತಾನೆ. ಕಡುಬಿನಲ್ಲೂ ತಲೆಗೆ ನಾಲ್ಕೇ ಹಿಡಿಯಿರಿ.

ಪಿಸುಮಾತು ಕೇಳಿಸದಿರಲು ರೊಟ್ಟಿಯೊಂದೇ ಕಾರಣವಲ್ಲ. ಥಿಯೇಟರಿಗಾಗಿ ಬೆರೆಸಿದ ಧ್ವನಿಯಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರಬೇಕು. ಟಿವಿಗೆ ಇರುವುದು ಎರಡೇ. ಸೆಟ್ಟಿಂಗಿನಲ್ಲಿ 5.1 ಬಿಟ್ಟು ಸ್ಟೀರಿಯೋ ಮಾಡಿ, ಜೋರು ಸದ್ದು ತಗ್ಗಿಸಿ ಮೆಲ್ಲನೆಯದನ್ನು ಏರಿಸುವ ನೈಟ್ ಮೋಡ್ ಇದ್ದರೆ ಹಾಕಿ. ಇಲ್ಲವಾದರೆ ಮಾತಿಗೆ ವಾಲ್ಯೂಮ್ 40, ಯುದ್ಧಕ್ಕೆ 15 ಅಂತ ರಿಮೋಟ್ ಹಿಡಿದವರ ಹೆಬ್ಬೆರಳು ಸವೆಯುತ್ತದೆ. ಎರಡನೇ ಭಾಗದ ಹೆಲ್ಮ್ಸ್ ಡೀಪ್ ಕೋಟೆಯ ಕಾಳಗ ಶುರುವಾಗುವುದು ನಾಲ್ಕರ ಮೇಲೆ, ಕೆಳಗಿನ ಮನೆಯ ಕಾಕೂ ಎದ್ದಿರುತ್ತಾರೆ. ಮಧ್ಯಾಹ್ನದ ನಿದ್ದೆಗೆ ಒಂದರಿಂದ ನಾಲ್ಕು ಪವಿತ್ರವೆಂದು ತಿಳಿಯುವ ಪುಣೆಗೂ ಈ ಲೆಕ್ಕ ಹೊಂದುತ್ತದೆ, ಪುಣ್ಯಕ್ಕೆ.

ಎರಡನೇ ಭಾಗದಲ್ಲಿ ನಾಯಕ ಅರಗಾರ್ನ್ ಶಿರಸ್ತ್ರಾಣಕ್ಕೆ ಒದ್ದು ಚೀರುವ ಕಡೆ ಎಚ್ಚರ. ನಟ ವಿಗ್ಗೋ ಮಾರ್ಟೆನ್ಸನ್ ಕಾಲ್ಬೆರಳು ನಿಜಕ್ಕೂ ಮುರಿದಿತ್ತು ಎಂಬುದನ್ನು ಹೇಳಲು ಆ ಕ್ಷಣ ಮೂರು ಜನ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಹೇಳುವ ಸರದಿಯನ್ನು ಬೆಳಿಗ್ಗೆಯೇ ಚೀಟಿ ಎತ್ತಿ ಗೊತ್ತು ಮಾಡುವುದು ಒಳ್ಳೆಯದು. ಪುಸ್ತಕದಲ್ಲಷ್ಟೇ ಇರುವ ಟಾಮ್ ಬೊಂಬಡಿಲ್‌ನನ್ನು ಯಾಕೆ ಬಿಟ್ಟರು ಅಂತ ಪುಸ್ತಕ ಓದಿದವರು ತೆಗೆಯುವ ತಕರಾರಿಗೆ ಸರದಿ ಬೇಡ, ಅವಕಾಶವೇ ಬೇಡ.

ಇಷ್ಟೆಲ್ಲ ದಾಟಿದವರು ಸೋಲುವುದು ನೀರಿನ ಮುಂದೆ. ಸಂಜೆ ಆರರಿಂದ ಏಳು ನೀರು ಬರುವ ಬಿಲ್ಡಿಂಗಾದರೆ, ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಸಿ ಸಹಾಯ ಕೇಳುವ ದೃಶ್ಯ ಸರಿಯಾಗಿ ಅದೇ ಹೊತ್ತಿನಲ್ಲಿ ಬರುತ್ತದೆ. ಮೋರಿಯಲ್ಲಿ, ಅಂದರೆ ಅಡುಗೆಮನೆ ಪಕ್ಕದ ತೊಳೆಯುವ ಜಾಗದಲ್ಲಿ, ಪೈಪ್ ಹಾಕಿಟ್ಟ 200 ಲೀಟರ್ ಡ್ರಮ್ಮನ್ನು "ಇದೊಂದು ಮುಗೀಲಿ" ಅಂತ ಬಿಟ್ಟರೆ, ನೀರು ಮೋರಿಯ ಕಟ್ಟೆ ಹತ್ತಿ, ಅಡುಗೆಮನೆ ದಾಟಿ, ಹಾಲಿನಲ್ಲಿ ಹಾಸಿದ ಚಾಪೆಯ ಅಂಚು ಮೊದಲು ತೋಯಿಸುತ್ತದೆ. ಚಾಪೆಯ ಮೇಲಿನವರಿಗೆ ಗೊತ್ತಾಗುವುದು ಆ ಬೆಂಕಿ ಕಂಡ ರೋಹನ್ ರಾಜ್ಯ ಉತ್ತರ ಕೊಟ್ಟ ಮೇಲೆ. ಪೈಪಿನ ತುದಿಗೆ, ಡ್ರಮ್ ತುಂಬಿದಾಗ ತಾನೇ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಹಾಕಿಸಿಬಿಡಿ.

ಮೂರನೆಯದರ ಕೊನೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಉಂಗುರ ಕರಗಿತು, ಪರದೆ ಕಪ್ಪಾಯಿತು. ಯಾರೋ ಲೈಟ್ ಹಾಕುತ್ತಾರೆ. ಇನ್ನೂ ಇದೆ. ಪಟ್ಟಾಭಿಷೇಕವಾಯಿತು, ಎಲ್ಲರೂ ಮಂಡಿಯೂರಿದರು. ಇಬ್ಬರು ಚಪ್ಪಲಿ ಹುಡುಕುತ್ತಾರೆ. ಇನ್ನೂ ಇದೆ. ಹಾಬಿಟ್ ಸ್ಯಾಮ್‌ನ ಮದುವೆಯಾಗಬೇಕು, ಹಡಗು ಹೋಗಬೇಕು, ಅವನು ಮನೆಗೆ ವಾಪಸಾಗಬೇಕು. ಅಷ್ಟಾದ ಮೇಲೆ ಈ ಸಿನಿಮಾದ ಅಭಿಮಾನಿ ಸಂಘದವರ ಹೆಸರುಗಳು ಮೇಲೇರತೊಡಗುತ್ತವೆ. ಮೇಲಿನ ಲೆಕ್ಕಕ್ಕೆ ಸೇರದ, ನಿಮಿಷಗಟ್ಟಲೆ ಮುಗಿಯದ ಪಟ್ಟಿ. ಬದಲಾಪುರ ಲೋಕಲ್ ಹಿಡಿಯಬೇಕಾದವರೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಅದರಲ್ಲಿ ಎಲ್ಲಾದರೂ ಒಬ್ಬ ಶೆಟ್ಟಿ ಇದ್ದಾನಾ ಅಂತ ಓದುತ್ತಿರುತ್ತಾರೆ.