ಆಟ ಆಡಲ್ಲ ಅಂತ ಅಫಿಡವಿಟ್ಟು

ನಂಗೀಗ 46. ತಲೇಲಿ ಕೂದ್ಲು ಕಮ್ಮಿ, ರಕ್ತದಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿ, ಮನೆ ಸಾಲ ಇನ್ನೂ 9 ವರ್ಷ ಬಾಕಿ. ಇಷ್ಟೆಲ್ಲ ಆಧಾರ ಇದ್ರೂ ನಾನು ಮಗು ಅಲ್ಲ ಅಂತ ಸರ್ಕಾರಕ್ಕೆ ನಂಬಿಸೋಕೆ ಮೂರು ಸಿಎಲ್ಲು, ಒಂದು ಇ-ಸ್ಟಾಂಪ್ ಪೇಪರು, ಒಬ್ರು ನೋಟರಿ ಬೇಕಾಯ್ತು.

ನಾನು ಸ್ಕೇಲ್ ಮಾಡೆಲ್ ವಿಮಾನ ಕಟ್ತೀನಿ. ಹಾರಿಸೋದಲ್ಲ, ಕಟ್ಟೋದು. 1/72 ಸ್ಕೇಲು, ಅಂದ್ರೆ 6 ಅಡಿ ಆಳು 1 ಇಂಚಾಗ್ತಾನೆ, ಆ 1 ಇಂಚಿನ ಪೈಲಟ್ಟಿಗೆ ಸೀಟು, ಸೀಟಿಗೆ ಬೆಲ್ಟು, ಬೆಲ್ಟಿಗೆ ಬಕಲ್ಲು, ಬಕಲ್ಲಿಗೆ ಬೆಳ್ಳಿ ಬಣ್ಣ, ಅದನ್ನ ಟೂತ್‌ಪಿಕ್ ತುದೀಲಿ ಉಸಿರು ಬಿಗಿಹಿಡಿದು ಮುಟ್ಟಿಸ್ಬೇಕು, ಎಲ್ಲಾ ಆದ್ಮೇಲೆ ಕ್ಯಾನಪಿ, ಅಂದ್ರೆ ಪೈಲಟ್ ತಲೆ ಮೇಲಿನ ಗಾಜಿನ ಮುಚ್ಚಳ, ಅಂಟಿಸಿದ್ರೆ ಒಳಗಡೆ ಏನಿದೆ ಅಂತ ದೇವರಿಗೂ ಕಾಣಲ್ಲ. ಹಂಗಾದ್ರೆ ಯಾಕ್ರೀ ಮಾಡ್ತೀರ ಅಂತ ನನ್ನ ಹೆಂಡ್ತಿ ಮದುವೆ ಆದಾಗಿಂದ ಕೇಳ್ತಾನೇ ಇದಾಳೆ, ನಾನು ಹೂಂ ಅಂತಾನೇ ಇದೀನಿ.

ಈ ಸಲ ತರಿಸಿದ್ದು ಎಚ್‌ಎಫ್-24 ಮಾರುತ್. ನಮ್ಮೂರಿಂದೇ ಯುದ್ಧವಿಮಾನ ಕಣ್ರೀ ಅದು. ಜರ್ಮನಿಗೆ ಫೋಕ್-ವುಲ್ಫ್ 190 ಅನ್ನೋ ಯುದ್ಧವಿಮಾನ ಮಾಡ್ಕೊಟ್ಟಿದ್ದ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನಲ್ಲಿ ನಮ್ಮೋರ ಜತೆ ಕೂತು ಡಿಸೈನ್ ಮಾಡಿದ್ದು, 1961ರ ಜೂನ್ 17ಕ್ಕೆ ಮೊದಲು ಹಾರಿದ್ದು, ಒಟ್ಟು 147 ಮಾಡಿದ್ರು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡೀಲಿ ಕೆಲ್ಸಾನೂ ಮಾಡ್ತು. ಎಂಜಿನ್ನಿಗೆ ಮಾತ್ರ ಕೊನೇವರ್ಗೂ ತಾಕತ್ತು ಸಾಲ್ಲಿಲ್ಲ, ಅದು ಬೇರೆ ಕಣ್ಣೀರು. ಕಸ್ತೂರಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಒಂದು ನಿಂತಿದೆ, ಸ್ಕೂಲ್ ಪಿಕ್ನಿಕ್ಕಲ್ಲಿ ನೀವೂ ಅದರ ಮುಂದೆ ಚಿತ್ರಾನ್ನ ತಿಂದಿರ್ತೀರಿ. 15.87 ಮೀಟರ್ ಉದ್ದದ ಆ ವಿಮಾನ ನನ್ನ ಸ್ಕೇಲಲ್ಲಿ 22 ಸೆಂಟಿಮೀಟರ್ ಆಗತ್ತೆ, ಒಂದು ಬಾಳೆಕಾಯಿ ಅಷ್ಟು. ಆ ಬಾಳೆಕಾಯಿ ಇಲ್ಲಿ ಎಲ್ಲೂ ಸಿಗಲ್ಲ. ಸಾವಿರಾರು ಮೈಲಿ ಆಚೆ ಯಾರೋ ಒಬ್ಬ ಮುದುಕಪ್ಪ ತನ್ನ ಗ್ಯಾರೇಜಲ್ಲಿ ಒಬ್ಬನೇ ಕೂತ್ಕೊಂಡು ಅಚ್ಚಿಗೆ ರೆಸಿನ್ (ಗಟ್ಟಿಯಾಗೋ ಪ್ಲಾಸ್ಟಿಕ್ ದ್ರವ) ಹುಯ್ದು ಮಾಡಿ ಮಾರ್ತಾನೆ, ನಾನು ತರಿಸ್ಕೋಬೇಕು.

ತರಿಸ್ಕೊಂಡೆ. ಊರಿಗೂ ಬಂತು. ಮನೆಗೆ ಬರ್ಲಿಲ್ಲ. ಆಟಿಕೆ, ಐಎಸ್ಐ ಮಾರ್ಕ್ ಇಲ್ಲ, ತಡೆಹಿಡಿಯಲಾಗಿದೆ ಅಂತ ಒಂದು ಕಾಗದ ಬಂತು.

ಯಾವ ಆಫೀಸು ಅಂತ ಕೇಳ್ಬೇಡಿ, ಇನ್ನೂ ಎರಡು ಕಿಟ್ಟು ದಾರೀಲಿದೆ.

ಹೋದೆ. ಕೌಂಟರಲ್ಲಿದ್ದೋರು ಪಾಪ ಒಳ್ಳೆಯೋರೇ, ಡಬ್ಬಿ ಅಲ್ಲಾಡಿಸಿ ನೋಡಿದ್ರು. ನಾನು ಹೇಳ್ದೆ, ಸಾರ್ ಅಲ್ಲಾಡಿಸ್ಬೇಡಿ, ಮೂಗಿನ ತುದೀಲಿ ಪಿಟೋ ಟ್ಯೂಬ್ ಇದೆ, ವಿಮಾನದ ವೇಗ ಅಳೆಯೋ ಕೊಳವೆ, ಅರ್ಧ ಮಿಲಿಮೀಟರು. ಅವ್ರು ಇನ್ನೊಂದ್ಸಲ ಅಲ್ಲಾಡಿಸಿದ್ರು.

"ಇದು ಹಾರತ್ತಾ ಸಾರ್?"

ಇಲ್ಲ ಅಂದೆ. ಹಾರಿದ್ರೆ ಡ್ರೋನ್ ಸೆಕ್ಷನ್ನಿಗೆ ಕಳಿಸ್ತಿದ್ರಂತೆ, ಅದಕ್ಕೆ ಬೇರೆ ಪರ್ಮಿಷನ್ನು, ಬೇರೆ ಫಾರಮ್ಮು. ಹಾರಲ್ಲ ಅಂದ್ಮೇಲೆ ಆಟಿಕೆ. ಒಟ್ನಲ್ಲಿ ವಿಮಾನ ಹಾರಿದ್ರೂ ಕಷ್ಟ, ಹಾರದಿದ್ರೂ ಕಷ್ಟ.

ಕಾನೂನು ಏನು ಅಂತ ಆಮೇಲೆ ಕೂತು ಓದ್ದೆ. ಆಟಿಕೆಗಳ ಗುಣಮಟ್ಟದ ಆರ್ಡರು 2020ರದ್ದು, 2021ರ ಜನವರಿ 1ರಿಂದ ಜಾರಿ. 14 ವರ್ಷದೊಳಗಿನ ಮಕ್ಕಳು ಆಡೋಕೆ ಅಂತ ಮಾಡಿದ್ದು ಆಟಿಕೆ, ಬರೀ ಮಕ್ಕಳಿಗೇ ಅಂತ ಮಾಡದಿದ್ರೂ ಆಟಿಕೆ. ಕೆಟ್ಟ ಬಣ್ಣದ, ಸೀಸ ತುಂಬಿದ ಆಟದ ಸಾಮಾನು ಮಕ್ಕಳ ಬಾಯಿಗೆ ಹೋಗ್ಬಾರ್ದು ಅಂತ ತಂದಿದ್ದು, ಒಳ್ಳೇ ಉದ್ದೇಶಾನೇ, ನಂಗೂ ಒಬ್ಬ ಮಗ ಇದಾನೆ. ಆದ್ರೆ ನನ್ನ ಡಬ್ಬಿ ಮೇಲೆ "14 ವರ್ಷ ಮೇಲ್ಪಟ್ಟವರಿಗೆ" ಅಂತ ದಪ್ಪಕ್ಷರದಲ್ಲಿ ಬರ್ದಿದೆ. ತೋರಿಸ್ದೆ. "ಅದು ಅವ್ರು ಬರ್ದಿರೋದು ಸಾರ್" ಅಂದ್ರು. ಹೌದಲ್ವಾ, ಅದಕ್ಕೇನು ಹೇಳೋದು.

ಕಸ್ಟಮ್ಸ್ ಪುಸ್ತಕದಲ್ಲಿ ಇದರ ನಂಬರು 9503. ಒಂದೇ ಸಾಲಲ್ಲಿ ಮೂರು ಗಾಲಿ ಸೈಕಲ್ಲು, ಗೊಂಬೆ, ಗೊಂಬೆ ತಳ್ಳೋ ಗಾಡಿ, ಜಿಗ್ಸಾ ಪಜಲ್ಲು, ಅವುಗಳ ಮಧ್ಯೆ ಸ್ಕೇಲ್ ಮಾಡೆಲ್ಲು. ಈ ಪಟ್ಟಿ ನಮ್ಮೋರು ಬರ್ದಿದ್ದಲ್ಲ, ಹೊರಗಡೆ ದೇಶದೋರೂ ಇದನ್ನೇ ಇಟ್ಕೊಂಡಿರೋದು, ಆದ್ರೆ ಡ್ಯೂಟಿ ನಮ್ದು. 2020ರ ಬಜೆಟ್ಟಲ್ಲಿ 20 ಪರ್ಸೆಂಟಿಂದ 60 ಮಾಡಿದ್ರು, 2023ರಲ್ಲಿ 70. ಇನ್ನೆರಡು ಏರಿಸಿದ್ರೆ ಸ್ಕೇಲಿಗೂ ಸುಂಕಕ್ಕೂ ಮ್ಯಾಚ್ ಆಗ್ತಿತ್ತು, ಯಾಕೋ ಅಲ್ಲಿಗೇ ನಿಲ್ಲಿಸಿದ್ರು.

"ಐಎಸ್ಐ ಮಾಡ್ಸಿ ಸಾರ್, ಬಿಟ್ಬಿಡ್ತೀವಿ" ಅಂದ್ರು. ಐಎಸ್ಐ ಮಾರ್ಕು ನಾನು ಹೋಗಿ ಹಾಕ್ಸೋದಲ್ಲ, ಮಾಡೋನು ಲೈಸೆನ್ಸ್ ತಗೋಬೇಕು, ಹೊರದೇಶದೋನಾದ್ರೆ ಅವನ ಫ್ಯಾಕ್ಟರಿ ನೋಡೋಕೆ ಇಲ್ಲಿಂದ ಜನ ಹೋಗ್ಬೇಕು. ಆ ದೃಶ್ಯ ನೆನೆಸ್ಕೊಂಡು ನಂಗೆ ಅಲ್ಲೇ ನಗು ಬಂತು, ಇಬ್ಬರು ಆಫೀಸರುಗಳು ಸೂಟ್‌ಕೇಸ್ ಹಿಡ್ಕೊಂಡು, ಸ್ವೆಟರ್ ಹಾಕ್ಕೊಂಡು, ಮುದುಕಪ್ಪನ ಗ್ಯಾರೇಜ್ ಬಾಗಿಲು ತಟ್ತಾರೆ, ಅವನು ಚಡ್ಡೀಲಿ ಹೊರಗೆ ಬರ್ತಾನೆ, ಫ್ಯಾಕ್ಟರಿ ಎಲ್ಲಪ್ಪಾ ಅಂತಾರೆ, ಅವನು ವಾಷಿಂಗ್ ಮಷೀನ್ ಪಕ್ಕದ ಟೇಬಲ್ ತೋರಿಸ್ತಾನೆ. ಆಮೇಲೆ ಟೆಸ್ಟು. ಬೀಳ್ಸಿ ನೋಡ್ತಾರೆ, ಎಳೆದು ನೋಡ್ತಾರೆ, ತಿರುಚಿ ನೋಡ್ತಾರೆ, ಚೂಪಾಗಿದ್ಯಾ ಅಂತ ನೋಡ್ತಾರೆ, ಬೆಂಕಿ ಹಚ್ಚಿ ನೋಡ್ತಾರೆ. ನಾನು ತರಿಸಿರೋದು ಒಂದೇ ಒಂದು ವಿಮಾನ. ಟೆಸ್ಟ್ ಮುಗಿಯೋ ಹೊತ್ತಿಗೆ ಸರ್ಟಿಫಿಕೇಟ್ ಮನೆಗೆ ಬರತ್ತೆ, ಶೋಕೇಸಲ್ಲಿ ಅದನ್ನೇ ಇಟ್ಕೋಬೇಕು.

ಪಕ್ಕದ ಟೇಬಲ್ಲಿನ ಇನ್ನೊಬ್ಬರು, ವಯಸ್ಸಾದೋರು, ಕಾಫಿ ಕುಡೀತಾ ಒಂದು ಸಲಹೆ ಕೊಟ್ರು. "ಚನ್ನಪಟ್ಟಣದಲ್ಲಿ ಮಾಡ್ಸಿ ಸಾರ್, ಐಎಸ್ಐ ಕೂಡ ಬೇಕಾಗಿಲ್ಲ." ನಿಜ, ಜಿಐ ಟ್ಯಾಗ್, ಅಂದ್ರೆ ಇದು ಈ ಊರಿಂದೇ ಅನ್ನೋ ಸರ್ಕಾರಿ ಗುರುತು, ಇರೋ ಗೊಂಬೆಗೆ ಆ ಆರ್ಡರಿಂದ ವಿನಾಯಿತಿ ಇದೆ. ಹಾಲೆ ಮರದಲ್ಲಿ ತಿರುವಿ, ಅರಗಿನ ಬಣ್ಣ ಬಳ್ದು, ಹಳದಿ ಮೂತಿ ಕೆಂಪು ರೆಕ್ಕೆ ಹಸಿರು ಚಕ್ರದ ಮಾರುತ್, ದಾರ ಕಟ್ಟಿ ಎಳ್ದ್ರೆ ಟಕ ಟಕ ಅನ್ನತ್ತೆ. ಚೆನ್ನಾಗೇ ಇರತ್ತೆ ಬಿಡಿ, ತೊಟ್ಟಿಲಿಗೆ ಕಟ್ಬೋದು. ಹಾಸ್ಯ ಮಾಡ್ಬಾರ್ದು ಅಂತ ಸುಮ್ನಾದೆ, ಯಾಕಂದ್ರೆ 1959ರಲ್ಲಿ ಎಚ್‌ಎಎಲ್‌ನೋರೇ ಅಸಲಿ ಮಾರುತ್ ಮಾಡೋಕೆ ಮುಂಚೆ ಅದೇ ಸೈಜಿಂದು ಎಂಜಿನ್ ಇಲ್ಲದ ಒಂದು ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದ್ರು. ದಾರ ಕಟ್ಟಿ ಎಳ್ದಿದ್ದೇ ತಾನೇ ಅದೂನೂ. ಸದ್ಯ ಆಗ ಈ ಆರ್ಡರ್ ಇರ್ಲಿಲ್ಲ.

ಮಧ್ಯದಲ್ಲಿ ಇನ್ನೊಂದು ಹೇಳ್ಬೇಕು, ಬಣ್ಣದ ಕಥೆ. ಈ ವಿಮಾನಕ್ಕೆ ಹಾಕೋ ಬಣ್ಣ, ತಿನ್ನರ್ರು, ಇವೆಲ್ಲ ಬೆಂಕಿ ಹತ್ಕೊಳ್ಳೋ ಮಾಲು ಅಂತ ವಿಮಾನದಲ್ಲಿ ಹಾಕಲ್ಲ. ಅಂದ್ರೆ ವಿಮಾನದ ಬಣ್ಣ ವಿಮಾನ ಹತ್ತೋ ಹಾಗಿಲ್ಲ. ಇದು ನ್ಯಾಯವಾಗಿಯೇ ಇದೆ, ನಾನೂ ಒಪ್ತೀನಿ, ಬರೀ ಹೇಳ್ಬೇಕು ಅನ್ನಿಸ್ತು.

ಮೂರನೇ ಸಲ ಹೋದಾಗ ದೊಡ್ಡ ಸಾಹೇಬ್ರ ಹತ್ರ ಕಳಿಸಿದ್ರು. ಆಧಾರ್ ತೋರಿಸ್ದೆ. ಪ್ಯಾನ್ ತೋರಿಸ್ದೆ. ಅವ್ರು ಕನ್ನಡಕ ಕೆಳಗಿಳಿಸಿ ಕೇಳಿದ್ರು, "ವಯಸ್ಸು ಸರಿ. ಆದ್ರೆ ನೀವು ಇದ್ರಲ್ಲಿ ಆಟ ಆಡ್ತೀರೋ ಇಲ್ವೋ?"

ಇಪ್ಪತ್ತು ವರ್ಷದಿಂದ ಹೆಂಡ್ತಿ ಕೇಳ್ತಿರೋ ಪ್ರಶ್ನೆನ ಒಬ್ಬ ಗೆಜೆಟೆಡ್ ಆಫೀಸರ್ ಬಾಯಲ್ಲಿ ಕೇಳಿದ್ರೆ ಹೆಂಗಾಗತ್ತೆ ಗೊತ್ತಾ. ಇಲ್ಲ ಸಾರ್ ಅಂದೆ, ಗಂಟಲು ಒಣಗಿತ್ತು. ಹಂಗಾದ್ರೆ ಬರ್ಕೊಡಿ ಅಂದ್ರು.

ಬರ್ಕೊಟ್ಟೆ. ನೋಟರಿ ಆಫೀಸಲ್ಲಿ ಟೈಪ್ ಮಾಡೋ ಹುಡುಗಿ ಎರಡು ಸಲ ಕೇಳಿ ಕನ್ಫರ್ಮ್ ಮಾಡ್ಕೊಂಡ್ಳು. "ಈ ಮೂಲಕ ಪ್ರಮಾಣೀಕರಿಸುವುದೇನೆಂದರೆ, ಸದರಿ ವಿಮಾನವನ್ನು ನಾನು ಆಟವಾಡಲು ಉಪಯೋಗಿಸತಕ್ಕದ್ದಲ್ಲ, 14 ವರ್ಷದೊಳಗಿನ ಯಾರಿಗೂ ಆಟವಾಡಲು ಕೊಡತಕ್ಕದ್ದಲ್ಲ." ನೋಟರಿ ಸಾಹೇಬ್ರು ಸೀಲ್ ಒತ್ತೋಕೆ ಮುಂಚೆ, ಬಾಯಲ್ಲಿ ಸದ್ದು ಮಾಡೋದನ್ನೂ ಸೇರಿಸ್ಬಿಡಿ, ಆಮೇಲೆ ತೊಂದ್ರೆ ಬೇಡ ಅಂದ್ರು. ಅದನ್ನೂ ಸೇರಿಸಿದ್ವಿ. ಡ್ಯೂಟಿ ಕಟ್ದೆ, ಡಬ್ಬಿ ತಂದೆ.

ನಾಲ್ಕು ತಿಂಗಳು ಕಟ್ದೆ. ರೆಸಿನ್ ಉಜ್ಜೋವಾಗ ಪುಡಿ ಮೂಗಿಗೆ ಹೋಗ್ಬಾರ್ದು ಅಂತ ಕೋವಿಡ್ ಟೈಮಿನ ಮಾಸ್ಕು, ನೀರಲ್ಲಿ ಅದ್ದಿದ ಎಮರಿ ಪೇಪರು, ಸಂದು ಮುಚ್ಚೋಕೆ ಫೆವಿಕ್ವಿಕ್ಕು. ರೆಕ್ಕೆ ಬುಡದಲ್ಲಿ ಒಂದು ಗೀರು ಇತ್ತು, ಮುಚ್ಚೋದು, ಉಜ್ಜೋದು, ಪ್ರೈಮರ್ ಹೊಡ್ದ್ರೆ ಮತ್ತೆ ಕಾಣೋದು, ಹಿಂಗೇ ಐದು ಸಲ. ಮೇಲೆ ಹಸಿರು, ಮಣ್ಣಿನ ಬಣ್ಣ, ಕೆಳಗಡೆ ತಿಳಿ ಬೂದಿ. ಡೆಕಾಲ್‌ನ, ಅಂದ್ರೆ ಅಂಟಿಸೋ ಚಿತ್ರದ ಹಾಳೆನ, ನೀರಲ್ಲಿ ನೆನೆಸಿ ಕೇಸರಿ ಬಿಳಿ ಹಸಿರಿನ ಸುತ್ತು ರೆಕ್ಕೆ ಮೇಲೆ ಜಾರಿಸಿ ಕೂರಿಸೋವಾಗ ಫ್ಯಾನ್ ಆಫ್ ಮಾಡಿ ಅಂತ ಕೂಗಿ ಮನೆಯೋರ ಹತ್ರ ಬೈಸ್ಕೊಂಡೆ. ಕೊನೇಲಿ ಪಿಟೋ ಟ್ಯೂಬು. ಡಬ್ಬೀಲಿ ಬಂದಿದ್ದು ಆ ಕೌಂಟರಲ್ಲೇ ಮುರ್ದಿತ್ತು, ಇಂಜೆಕ್ಷನ್ ಸೂಜಿ ಕತ್ತರಿಸಿ ಹೊಸದು ಮಾಡ್ದೆ.

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆ. ವಿಮಾನ ಮುಗೀತು. ಎಲ್ಲರೂ ಮಲಗಿದ್ರು. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡ್ದೆ. ಹಿಂಗೆ ಸ್ವಲ್ಪ ಓರೆ ಮಾಡ್ದೆ. ಬೆಳಕು ರೆಕ್ಕೆ ಮೇಲೆ ಹರೀತು. ಬಾಗಿಲ ಕಡೆ ಒಂದ್ಸಲ ನೋಡ್ದೆ. ಆಮೇಲೆ ಏನಾಯ್ತೋ ಗೊತ್ತಿಲ್ಲ ಸ್ವಾಮಿ, ಕೈ ತಾನಾಗೇ ಮೇಲೆ ಹೋಯ್ತು, ಬೀರು ಮೇಲಿಂದ ಒಂದು ರೌಂಡ್ ಬಂತು, ದೇವರ ಮನೆ ಹತ್ರ ಎಡಕ್ಕೆ ತಿರುಗ್ತು, ಬಾಯಿಂದ ಝುಂಯ್ ಅಂತ ಸದ್ದೂ ಬಂತು. ಡೈನಿಂಗ್ ಟೇಬಲ್ ಮೇಲೆ ಡೈವ್ ಹೊಡೆಯೋವಾಗ ಕುರ್ಚಿಗೆ ತಾಗಿ ಟಿಕ್ ಅಂತು. ಪಿಟೋ ಟ್ಯೂಬ್ ಇಲ್ಲ.

ನಮ್ಮನೆ ನೆಲ ಹಳೇ ಮೊಸಾಯಿಕ್ಕು, ಕಪ್ಪು ಬಿಳಿ ಕಂದು ಚುಕ್ಕಿ, ಅದ್ರಲ್ಲಿ ಬಿದ್ದಿದ್ದು ಕಸದ ಮೊರಕ್ಕೆ ಬಂದಾಗ್ಲೇ ಸಿಗೋದು. ಮೊಬೈಲ್ ಟಾರ್ಚ್ ಹಾಕ್ಕೊಂಡು ಕೆನ್ನೆ ನೆಲಕ್ಕೆ ಒತ್ತಿ ಹುಡುಕ್ತಿದ್ದೆ, ಎದುರಿಗೆ ಎರಡು ಪುಟ್ಟ ಪಾದ ಕಾಣಿಸ್ತು. ಮಗ. ನೀರು ಕುಡಿಯೋಕೆ ಎದ್ದಿದ್ದನಂತೆ.

"ಅಪ್ಪಾ, ಝುಂಯ್ ಅಂದಿದ್ದು ನೀನಾ?"

ಫ್ರಿಜ್ಜು ಕಣೋ ಅಂದೆ.

ಅವನು ಟೇಬಲ್ ಮೇಲಿದ್ದ ವಿಮಾನ ನೋಡ್ದ, ನನ್ನ ನೋಡ್ದ, ಪಕ್ಕದಲ್ಲೇ ಮಂಡಿಯೂರಿ ಹುಡುಕೋಕೆ ಕೂತ. ಎರಡೇ ನಿಮಿಷದಲ್ಲಿ ಹೊಸ್ತಿಲ ಸಂದಿಂದ ಸೂಜಿ ಎತ್ಕೊಟ್ಟ, ಎಳೇ ಕಣ್ಣು ನೋಡಿ. ಕೊಟ್ಟು, ಕೈ ಚಾಚಿ, "ನಂಗೂ ಒಂದ್ಸಲ ಕೊಡು" ಅಂದ.

"ಆಗಲ್ಲ ಕಣೋ. ನಿಂಗಿನ್ನೂ 12. ನೀನು ಮುಟ್ಟಿದ್ರೆ ಇದು ಆಟಿಕೆ ಆಗೋಗತ್ತೆ."